ಅಂಟುವಾಳದಲ್ಲಿ ತೊಳೆದ ಗಾಜು

ನಮ್ಮ ಮನೆಯಲ್ಲಿ ಬಂಗಾರ ತೊಳೆಯುವ ಕೆಲಸ ನನ್ನದು. ಮದುವೆಗೋ ಗೃಹಪ್ರವೇಶಕ್ಕೋ ಹೋಗಿ ಬಂದ ಮರುದಿನ, ಬೆವರು, ಪೌಡರು, ಕುಂಕುಮ ಎಲ್ಲ ಮೆತ್ತಿಕೊಂಡ ಸರ, ಬಳೆ, ಓಲೆಗಳನ್ನು ಸ್ಟೀಲಿನ ಬೋಗುಣಿಗೆ ಹಾಕುತ್ತೇನೆ. ನೆನೆಸಿಟ್ಟ ಅಂಟುವಾಳಕಾಯಿಯ ನೀರನ್ನು ಉಗುರುಬೆಚ್ಚಗೆ ಮಾಡಿ ಅದರ ಮೇಲೆ ಸುರಿದು, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೆಲ್ಲಗೆ ತಿಕ್ಕುತ್ತೇನೆ. ನನ್ನ ಅಮ್ಮ ಹೀಗೇ ಮಾಡುತ್ತಿದ್ದಳು. ಅಂಗಡಿಯ ಸಾಬೂನು ಬಂಗಾರವನ್ನು ಮಂಕು ಮಾಡುತ್ತದೆ, ಅಂಟುವಾಳ ಮಾತ್ರ ಒಳಗಿನ ಬಣ್ಣ ತರುತ್ತದೆ ಎನ್ನುವುದು ಅವಳ ನಂಬಿಕೆ. ನನ್ನದೂ ಅದೇ.

ಅಂಟುವಾಳದ ನೊರೆಗೆ ಒಂದು ಗುಣವಿದೆ. ಸಾಬೂನಿನ ನೊರೆಯ ಹಾಗೆ ದೊಡ್ಡ ಗುಳ್ಳೆಗಳು ಎದ್ದು ಪಟಪಟ ಒಡೆಯುವುದಿಲ್ಲ. ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒತ್ತೊತ್ತಾಗಿ. ಪಾತ್ರೆಯ ಅಂಚಿಗೆ ಸಾಲಾಗಿ ಹತ್ತಿ ಕೂತವು ಅಂದರೆ ಏಳಲಿಕ್ಕೇ ಕೇಳುವುದಿಲ್ಲ. ನಾಲ್ಕು ನೀರಿನಲ್ಲಿ ಜಾಲಿಸಿದ ಮೇಲೂ ಬೋಗುಣಿಯ ಕಂಠದಲ್ಲಿ ಒಂದು ಎಳೆ ಉಳಿದಿರುತ್ತದೆ. ಆ ಎಳೆಯನ್ನು ನಾನು ಎಷ್ಟೋ ವರ್ಷಗಳಿಂದ ನೋಡಿದ್ದೇನೆ, ಬೆರಳಿನಿಂದ ಒರೆಸಿದ್ದೇನೆ. ಅದರ ಬಗ್ಗೆ ಯೋಚಿಸಿದ್ದು ಮಾತ್ರ ಒಂದು ದಿನ, ಅದೂ ಮನೆಯಲ್ಲಲ್ಲ.

ಬೈಂದೂರಿನ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಲ್ಯಾಬ್ ಟೆಕ್ನೀಶಿಯನ್. ಬೆಳಿಗ್ಗೆ ಮನೆಯ ಗಂಜಿ, ಚಟ್ನಿ ಮುಗಿಸಿ ಹೆಮ್ಮಾಡಿಯಲ್ಲಿ ಬಸ್ಸು ಹತ್ತಿದರೆ ಆಸ್ಪತ್ರೆಯ ಗೇಟಿನ ಎದುರೇ ಇಳಿಸುತ್ತಾರೆ. ಕಂಡಕ್ಟರಿಗೆ ನನ್ನ ಸ್ಟಾಪು ಹೇಳಬೇಕಾಗಿಯೇ ಇಲ್ಲ. ಲ್ಯಾಬು ಅಂದರೆ ಒಂದೇ ಕೋಣೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಮೈಕ್ರೋಸ್ಕೋಪು, ಆ ಮೂಲೆಯಲ್ಲಿ ರಕ್ತದ ಕೊಳವೆಗಳನ್ನು ಗಿರ್ರನೆ ತಿರುಗಿಸುವ ಯಂತ್ರ, ಈ ಮೂಲೆಯಲ್ಲಿ ಫ್ರಿಜ್ಜು. ಫ್ರಿಜ್ಜಿನಲ್ಲಿ ಊಟದ ಡಬ್ಬಿ ಇಡಬಾರದು ಎಂದು ನಾನೇ ಚೀಟಿ ಬರೆದು ಅಂಟಿಸಿದ್ದೇನೆ. ಅದನ್ನು ಮೊದಲು ಮುರಿದವಳೂ ನಾನೇ.

ಈಗ ರಕ್ತ ತೆಗೆಯುವುದು ಪ್ಲಾಸ್ಟಿಕ್ ಕೊಳವೆಗಳಿಗೆ. ನೇರಳೆ ಮುಚ್ಚಳ, ಕೆಂಪು ಮುಚ್ಚಳ, ನೀಲಿ ಮುಚ್ಚಳ. ಕೆಲಸ ಮುಗಿದರೆ ಎಸೆಯುವುದು. ತೊಳೆಯುವ ಕಾಲ ಹೋಯಿತು. ಒಂದೇ ಒಂದು ಪರೀಕ್ಷೆಗೆ ಮಾತ್ರ ಹಳೆಯ ಗಾಜಿನ ಕೊಳವೆಯೇ ಬೇಕು. ಅದು ಹಾವು ಕಚ್ಚಿದವರಿಗೆ ಮಾಡುವ ಪರೀಕ್ಷೆ. ಬಹಳ ಸರಳ. ಕಚ್ಚಿಸಿಕೊಂಡವರ ರಕ್ತವನ್ನು ಸ್ವಲ್ಪ ತೆಗೆದು ಗಾಜಿನ ಕೊಳವೆಗೆ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ನಿಲ್ಲಿಸಬೇಕು. ಆಮೇಲೆ ಒಮ್ಮೆ ಬಾಗಿಸಬೇಕು. ರಕ್ತ ಹೆಪ್ಪುಗಟ್ಟಿ ತಳದಲ್ಲೇ ಕೂತಿದ್ದರೆ, ರಕ್ತ ಕೆಡಿಸುವ ವಿಷ ಒಳಗೆ ಹೋಗಿಲ್ಲ ಎಂದು ಸದ್ಯಕ್ಕೆ ಸಮಾಧಾನ. ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ತಡಮಾಡದೆ ವಿಷಕ್ಕೆ ಎದುರಾದ ಔಷಧಿ ಕೊಡಬೇಕು. ಪ್ಲಾಸ್ಟಿಕ್ಕಿನಲ್ಲಿ ಇದು ನಡೆಯುವುದಿಲ್ಲ ಎಂದು ನಮಗೆ ಕಲಿಸಿದ್ದರು. ಯಾಕೆ ಎಂದು ಕಲಿಸಿದ್ದರೋ ಏನೋ, ನನಗೆ ನೆನಪಿರಲಿಲ್ಲ.

ಮೊದಲು ಆಸ್ಪತ್ರೆಯಲ್ಲಿ ವಯಸ್ಸಾದ ಆಯಾ ಒಬ್ಬರಿದ್ದರು. ಆ ಗಾಜಿನ ಕೊಳವೆಗಳನ್ನು ಅವರು ನಲ್ಲಿಯ ನೀರಿನಲ್ಲಿ ಹಿಡಿದು, ಕವುಚಿ ಒಣಗಿಸಿ ಇಡುತ್ತಿದ್ದರು. ಬೇರೇನೂ ಹಾಕುತ್ತಿರಲಿಲ್ಲ. ಅದು ಅವರ ಸೋಮಾರಿತನ ಎಂದು ನಾನು ಅಂದುಕೊಂಡಿದ್ದೆ. ಅವರು ಕೆಲಸ ಬಿಟ್ಟ ಮೇಲೆ ಬಂದ ಮಳೆಗಾಲ ಸ್ವಲ್ಪ ಜೋರಾಗಿಯೇ ಇತ್ತು. ಮಳೆ ಕಳೆದ ಮೇಲೆ ಕಪಾಟು ತೆರೆದು ನೋಡಿದರೆ ಕೊಳವೆಗಳ ರಟ್ಟಿನ ಪೆಟ್ಟಿಗೆ ಬೂಷ್ಟು ಹಿಡಿದು ಕೂತಿತ್ತು. ಒಳಗಿನ ಹೊಸ ಕೊಳವೆಗಳ ಮೇಲೂ ಬೂದಿ ಬಳಿದ ಹಾಗೆ ಒಂದು ಮಬ್ಬು.

ಗೋಡೆಗೆ ಅಂಟಿಸಿದ್ದ ಪರೀಕ್ಷೆಯ ಕ್ರಮದ ಕಾಗದದಲ್ಲಿ ‘ಶುಚಿಯಾದ, ಒಣಗಿದ ಗಾಜಿನ ಕೊಳವೆ’ ಎಂದು ಬರೆದಿತ್ತು. ಶುಚಿ ಎಂದರೆ ನನಗೆ ಶುಚಿಯೇ. ಸಾಬೂನಿನ ಪುಡಿ ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ, ಬೇಡ ಎಂದುಕೊಂಡು ಮರುದಿನ ಮನೆಯಿಂದ ಒಂದು ಬಾಟಲಿ ಅಂಟುವಾಳದ ನೀರು ತಂದೆ. ಬಂಗಾರಕ್ಕೆ ಆಗುವುದು ಗಾಜಿಗೆ ಆಗದೇ? ಮಧ್ಯಾಹ್ನ ರೋಗಿಗಳು ಕಡಿಮೆಯಾದ ಮೇಲೆ ಸಿಂಕಿನ ಎದುರು ನಿಂತು, ಒಂದೊಂದಕ್ಕೂ ಸಣ್ಣ ಬ್ರಶ್ಶು ಹಾಕಿ ತಿಕ್ಕಿದೆ. ನಾಲ್ಕು ನೀರಿನಲ್ಲಿ ಜಾಲಿಸಿದೆ.

ಚುಚ್ಚುಮದ್ದು ಕೊಡುವ ಸಿಸ್ಟರ್ ಬಾಗಿಲಲ್ಲಿ ನಿಂತು ನೋಡಿದಳು. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ನನ್ನಷ್ಟೇ ಹಿರಿಯದು.

“ಎಂತ ಅಕ್ಕ, ನಿಮ್ ಕೊಳವಿಗೆಲ್ಲ ಮದ್ವಿಗ್ ಹೋಪುಕಿತ್ತಾ?”

“ನಿನ್ ಓಲಿನೂ ತಾ, ಇದ್ರೊಟ್ಟಿಗೇ ತೊಳ್ದ್ ಕೊಡ್ತೆ.”

“ಬ್ಯಾಡ ಮಾರಾಯ್ರೆ. ಗಂಡ ತಂದ್ ಕೊಟ್ಟ ಓಲಿಯ ಬಣ್ಣ ಹೋರೆ ಗಂಡನ್ ಬಣ್ಣವೂ ಹೊರಗ್ ಬತ್ತ್.”

ಪೆಟ್ಟಿಗೆಯಲ್ಲಿ ಐದು ಕೊಳವೆಗಳ ಮೂತಿ ಒಡೆದಿತ್ತು. ಲಾರಿಯಲ್ಲಿ ಬರುವಾಗಲೇ ಆದದ್ದಿರಬೇಕು. ಅವನ್ನು ಮಾತ್ರ ತೊಳೆಯಲಿಲ್ಲ. ಕುಂದಾಪುರದ ಅಂಗಡಿಗೆ ಹಿಂದೆ ಕೊಟ್ಟು ಬದಲಿ ತರಬೇಕೆಂದು ಕಾಗದದಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟೆ. ತೊಳೆದವನ್ನು ಸ್ಟ್ಯಾಂಡಿನಲ್ಲಿ ಕವುಚಿ ಒಣಗಿಸಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಸ್ವಚ್ಛ. ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ಮನಸ್ಸಿಗೆ ಏನೋ ಹಗುರ.

ಆಮೇಲೆ ಒಂದು ವಾರವಾಗಿತ್ತೋ ಏನೋ. ಹೆಮ್ಮಾಡಿಯ ಗದ್ದೆಗಳಲ್ಲಿ ಸೇವಂತಿಗೆಯ ಸಸಿ ನೆಟ್ಟ ದಿನಗಳು. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಆಟೋ ಒಂದು ಬಂದು ನಿಂತಿತು. ಇಳಿಯುವ ಮೊದಲೇ ಒಬ್ಬ ಮುದುಕಿಯ ಧ್ವನಿ ಒಳಗೆ ಬಂತು.

“ಹ್ವಾಯ್, ಯಾರಿದ್ರಿ ಒಳಗೆ? ಸೊಸಿಗೆ ಹಾವ್ ಕಚ್ಚಿತ್ ಕಾಣಿ!”

ಸೊಸೆಗೆ ಮೂವತ್ತೈದರ ಆಸುಪಾಸು. ಗದ್ದೆಯ ಅಂಚಿನ ಹುಲ್ಲು ಕೊಯ್ಯುವಾಗ ಕಾಲಿನ ಹರಡಿನ ಹತ್ತಿರ ಕಚ್ಚಿತ್ತು. ಗಂಡ ಗಂಗೊಳ್ಳಿಯ ಬೋಟಿನಲ್ಲಿ ಕಡಲಿಗೆ ಹೋದವನು, ಬರುವುದು ನಾಲ್ಕು ದಿನದ ಮೇಲೆ. ಅತ್ತೆಯೇ ಆಟೋ ಕರೆದು ತಂದಿದ್ದರು. ಅವರ ಕೈಯಲ್ಲಿ ಇನ್ನೂ ಹುಲ್ಲು ಕೊಯ್ಯುವ ಕತ್ತಿ ಇತ್ತು. ಅದನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೊನೆಗೆ ನನ್ನ ಕೈಗೇ ಕೊಟ್ಟರು.

ಸೊಸೆಯನ್ನು ಮಲಗಿಸಿ, ಕಾಲು ಅಲ್ಲಾಡದಂತೆ ಇಟ್ಟು, ಡಾಕ್ಟರು ನೋಡಿದರು. ನಮ್ಮ ಡಾಕ್ಟರು ಬ್ರಹ್ಮಾವರದವರು, ದಿನಾ ಅಲ್ಲಿಂದಲೇ ಬಂದುಹೋಗುವ ಹೆಂಗಸು. ಜೋರಾಗಿ ಮಾತಾಡಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಹಲ್ಲಿನ ಗುರುತು ಸರಿಯಾಗಿ ಎರಡಾಗಿ ಕಾಣುತ್ತಿರಲಿಲ್ಲ. ಗೀರಿದ ಹಾಗೆ ಮೂರು ನಾಲ್ಕು ಕೆಂಪು ಗೆರೆ, ಸುತ್ತ ಸ್ವಲ್ಪ ಊತ. ಡಾಕ್ಟರು ಪೆನ್ನು ತೆಗೆದು ಊತ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಚರ್ಮದ ಮೇಲೆ ಒಂದು ಗೆರೆ ಎಳೆದರು. ಊತ ಆ ಗೆರೆ ದಾಟಿದರೆ ಕೂಡಲೇ ತಿಳಿಯಲಿ ಎಂದು.

“ಹಾವು ಕಂಡ್ರಾ ಅಮ್ಮ?”

“ಒಳ್ಳೆ ಹಾವ್, ಡಾಕ್ಟ್ರೆ. ಕಪ್ಪಿ ತಿಂಬುಕ್ ಬಂದದ್. ಇವ್ಳ್ ಕಾಲ್ ಕಪ್ಪಿ ಅಂದ್ಕಂಡ್ ಕಚ್ಚಿತ್,” ಎಂದರು ಅತ್ತೆ. ಒಳ್ಳೆ ಎಂದರೆ ನೀರಿನ ಹಾವು, ವಿಷವಿಲ್ಲದ್ದು.

ಮಲಗಿದಲ್ಲಿಂದಲೇ ಸೊಸೆ ಹೇಳಿದಳು, “ಅಲ್ಲ ಡಾಕ್ಟ್ರೆ. ಮೈಮೇಲೆ ದೊಡ್ಡ ದೊಡ್ಡ ಚುಕ್ಕಿ ಇದ್ದಿತ್. ಕೊಳಕುಮಂಡಲವೇ ಅದ್.”

“ನೀ ಬಾಲ ಮಾತ್ರ ಕಂಡದ್ದ್ ಹೆಣೆ. ಬಾಲ ಕಂಡ್ ಹೆಸ್ರ್ ಹೇಳುಕಾತ್ತಾ?”

“ನೀವ್ ಬಾಲವೂ ಕಾಣಲಿಲ್ಲ, ಅತ್ತೆ.”

ಅತ್ತೆಯ ಕೈ ಸೊಸೆಯ ತಲೆಯ ಮೇಲಿತ್ತು. ‘ಒಳ್ಳೆ’ ಎಂದು ಅವರು ಹೇಳುತ್ತಿದ್ದದ್ದು ನಂಬಿ ಅಲ್ಲ, ಒಳ್ಳೆಯೇ ಆಗಿರಲಿ ಎಂದು.

ಡಾಕ್ಟರು ಅವಳ ಹಳೆಯ ಚೀಟಿ ತರಿಸಿ ನೋಡಿದರು. ಅವಳಿಗೆ ದಮ್ಮು. ಹಿಂದಿನ ಮಳೆಗಾಲದಲ್ಲಿ ಇಲ್ಲೇ ಒಂದು ಇಂಜೆಕ್ಷನ್ ಕೊಟ್ಟಾಗ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಎಲ್ಲರಿಗೂ ಗಾಬರಿಯಾಗಿತ್ತು. ನನಗೂ ಅದು ನೆನಪಿತ್ತು. ಚೀಟಿಯಲ್ಲಿ ಆ ಸಾಲಿನ ಕೆಳಗೆ ಡಾಕ್ಟರು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಹಾವಿನ ವಿಷದ ಔಷಧಿ ಕುದುರೆಯ ರಕ್ತದಿಂದ ತೆಗೆದದ್ದು. ಕೆಲವರಿಗೆ ಅದು ಒಗ್ಗುವುದಿಲ್ಲ, ಇಂಥವರಿಗೆ ಇನ್ನೂ ಭಯ. ಡಾಕ್ಟರು ನನ್ನನ್ನು ಬಾಗಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದರು.

“ಅಕ್ಕ, ವಿಷ ಏರಿದ್ರೆ ಔಷಧಿ ಕೊಡ್ಲೇಬೇಕ್, ಎಂತ ಆದ್ರೂ. ಏರ್ಲಿಲ್ಲ ಅಂದ್ರೆ ಇವ್ರಿಗೆ ಅದನ್ನ ಮುಟ್ಟಿಸುಕೂ ಆಗ. ನಿಮ್ ಕೊಳವೆ ಎಂತ ಹೇಳ್ತ್, ನೋಡಿ ಹೇಳಿ.”

ನಾನೇ ರಕ್ತ ತೆಗೆದೆ. ತೊಳೆದಿಟ್ಟ ಕೊಳವೆಗಳಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿದೆ. ರಕ್ತ ಹಾಕಿ, ಕಿಟಕಿಯ ಪಕ್ಕದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಕೈಗಡಿಯಾರ ನೋಡಿದೆ. ಆ ಇಪ್ಪತ್ತು ನಿಮಿಷ ನಾನು ತಿರುಗಿಸುವ ಯಂತ್ರ ಹಚ್ಚುವುದಿಲ್ಲ, ಮೇಜಿಗೆ ಮೊಣಕೈ ಕೂಡ ಊರುವುದಿಲ್ಲ. ಹೊರಗೆ ಕೊಲ್ಲೂರಿಗೆ ಹೋಗುವ ಯಾತ್ರಿಗಳ ಜೀಪುಗಳು ಹಾರ್ನ್ ಹಾಕಿಕೊಂಡು ಹೋದವು. ಅತ್ತೆ ವಾರ್ಡಿನಿಂದ ಎರಡು ಸಲ ಬಂದು, ಹೊಸ್ತಿಲಲ್ಲಿ ನಿಂತು, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕೊಳವೆಯನ್ನು ನೋಡಿ ಹೋದರು.

ಇಪ್ಪತ್ತು ನಿಮಿಷವಾಯಿತು. ಬಾಗಿಸಿದೆ. ರಕ್ತ ನೀರಿನಂತೆ ಹರಿದು ಕೊಳವೆಯ ಆ ಬದಿಗೆ ಬಂತು.

ಹೆಪ್ಪಿನ ಒಂದು ಎಳೆಯೂ ಇಲ್ಲ. ಬಾಗಿಲಲ್ಲಿದ್ದ ಸಿಸ್ಟರ್‌ಗೆ ನನ್ನ ಮುಖ ನೋಡಿಯೇ ತಿಳಿಯಿತು. ಅವಳು ಡಾಕ್ಟರಿಗೆ ಹೇಳಲು ಓಡಿದಳು. ಔಷಧಿಯ ಪೆಟ್ಟಿಗೆ ತನ್ನಿ ಎಂದು ಡಾಕ್ಟರು ಹೇಳಿದ್ದು ಲ್ಯಾಬಿನವರೆಗೂ ಕೇಳಿಸಿತು.

ಕೊಳವೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವಾಗ ಕಂಡದ್ದು ಅದು. ರಕ್ತ ಕೆಳಗೆ ಇಳಿದಿತ್ತು. ಅದು ಮುಟ್ಟಿಹೋದ ಎತ್ತರದಲ್ಲಿ, ಗಾಜಿಗೆ ಹತ್ತಿಕೊಂಡು, ಒಂದು ಸಾಲು ಸಣ್ಣ ಗುಳ್ಳೆ. ಸಾಸಿವೆಗಿಂತ ಸಣ್ಣವು, ಒತ್ತೊತ್ತಾಗಿ, ಕೆಂಪಾಗಿ. ಒಡೆಯಲೇ ಇಲ್ಲ. ರಕ್ತವನ್ನು ನಾನು ಇಷ್ಟು ವರ್ಷ ಕೊಳವೆಯಿಂದ ಕೊಳವೆಗೆ ಹಾಕಿದವಳು, ಅದರ ಗುಳ್ಳೆಯೂ ಗೊತ್ತು. ಅದು ಹೀಗೆ ಗೆರೆ ಕಟ್ಟಿ ಕೂರುವುದಿಲ್ಲ. ಹೀಗೆ ಕೂರುವುದು ನನ್ನ ಸ್ಟೀಲಿನ ಬೋಗುಣಿಯ ಕಂಠದಲ್ಲಿ.

ಎಷ್ಟು ಹೊತ್ತು ನಿಂತೆನೋ, ಬಹಳ ಆಗಿರಲಾರದು. ಮನಸ್ಸು ಒಂದು ಬದಿಗೆ ಹೇಳಿತು, ಗುಳ್ಳೆಯನ್ನು ನಂಬಿ ಬಾಯಿ ಬಿಡಬೇಡ, ವಿಷವೇ ಇದ್ದರೆ ನಿನ್ನ ಮಾತಿನಿಂದ ತಡವಾಗುತ್ತದೆ. ಇನ್ನೊಂದು ಬದಿಗೆ, ಆ ಹೆಂಗಸಿನ ಚೀಟಿಯಲ್ಲಿ ಡಾಕ್ಟರು ಕೆಂಪು ಶಾಯಿಯಲ್ಲಿ ಎಳೆದ ಗೆರೆ ಕಣ್ಣಿಗೆ ಬಂತು. ಯಾವುದು ಸರಿ ಎಂದು ನಾನು ತೀರ್ಮಾನಿಸಬೇಕಾಗಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದರೆ ಸಾಕಾಗಿತ್ತು. ಕೊಳವೆ ಹಿಡಿದುಕೊಂಡೇ ವಾರ್ಡಿಗೆ ಹೋದೆ.

“ಡಾಕ್ಟ್ರೆ, ಒಂದ್ ನಿಮಿಷ. ರಕ್ತ ಹೆಪ್ಪಾಗ್ಲಿಲ್ಲ, ನಿಜ. ಆದ್ರೆ ಈ ಕೊಳವೆ ನಾನ್ ಅಂಟ್ವಾಳದ ನೀರಗೆ ತೊಳ್ದದ್ದ್. ಅದ್ ಇನ್ನೂ ಇದ್ರಗೆ ಇತ್ತ್ ಅಂತ ಕಾಣತ್ತ್.”

ಡಾಕ್ಟರು ಕೊಳವೆ ತೆಗೆದುಕೊಂಡು ಕಿಟಕಿಗೆ ಹಿಡಿದು ನೋಡಿದರು.

“ಎಲ್ಲ ಕೊಳವೆಯೂ ತೊಳ್ದದ್ದಾ?”

“ಎಲ್ಲ.”

ಅತ್ತೆ ನನ್ನನ್ನೇ ನೋಡುತ್ತಿದ್ದರು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಸಿಟ್ಟಿನದಲ್ಲ, ಏನಾಗುತ್ತಿದೆ ಎಂದು ತಿಳಿಯದ ನೋಟ. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು.

“ತೊಳೆಯದ್ದ್ ಒಂದೂ ಇಲ್ಯಾ ಅಕ್ಕ?” ಎಂದು ಡಾಕ್ಟರು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಕಪಾಟಿನ ಮೇಲಿನ ಕಾಗದದ ಸುರುಳಿ ನೆನಪಾಯಿತು.

“ಇತ್ತ್. ಮೂತಿ ಒಡ್ದದ್ದ್ ಐದ್ ಇತ್ತ್. ಅಂಗ್ಡಿಗ್ ವಾಪಸ್ ಕೊಡುಕ್ ಇಟ್ಟದ್ದ್.”

“ಮೂತಿ ಒಡ್ದ್ರೆ ಎಂತ, ಹೊಟ್ಟೆ ಸರಿ ಇತ್ತಲ್ದಾ. ತನ್ನಿ.”

ಡಾಕ್ಟರು ಮತ್ತೆ ಒಮ್ಮೆ ಅವಳ ಒಸಡು ನೋಡಿದರು, ರಕ್ತ ತೆಗೆದ ಜಾಗದ ಹತ್ತಿ ತೆಗೆದು ನೋಡಿದರು. ಎಲ್ಲಿಯೂ ಒಸರುತ್ತಿರಲಿಲ್ಲ. ಊತ ಪೆನ್ನಿನ ಗೆರೆಯ ಒಳಗೇ ಇತ್ತು. ಔಷಧಿಯ ಸೀಸೆಗಳನ್ನು ತೆರೆಯದೆ ಮಂಚದ ಪಕ್ಕದ ಟ್ರೇಯಲ್ಲಿ ಸಾಲಾಗಿ ಇಡಿಸಿದರು. ಇನ್ನು ಇಪ್ಪತ್ತು ನಿಮಿಷ ಕಾಯುವುದು. ಅದರ ನಡುವೆ ಒಸಡಿನಲ್ಲಿ ರಕ್ತ ಕಂಡರೆ, ಊತ ಗೆರೆ ದಾಟಿದರೆ, ಕೊಳವೆಯನ್ನು ನೋಡುತ್ತ ಕೂರದೆ ಔಷಧಿ ಹಾಕುವುದು ಎಂದು ಸಿಸ್ಟರ್‌ಗೆ ಹೇಳಿ, ತಾವೇ ಕುರ್ಚಿ ಎಳೆದು ಮಂಚದ ಬುಡದಲ್ಲಿ ಕೂತರು.

“ಇನ್ನೊಂದ್,” ಎಂದರು ನನಗೆ. “ತೊಳ್ದ ಕೊಳವೆಗೆ ಹಾವ್ ಕಚ್ಚದೇ ಇದ್ದ ಯಾರ್ದಾದ್ರೂ ರಕ್ತ ಹಾಕಿ ಪಕ್ಕದಲ್ಲೇ ಇಡಿ. ತಪ್ಪು ಕೊಳವೆದಾ ರಕ್ತದ್ದಾ ಅಂತ ಗೊತ್ತಾಗ್ಲಿ.”

ಅತ್ತೆ ಸೆರಗು ಸರಿಸಿ ಕೈ ಚಾಚಿದರು. “ನಂದ್ ತೆಗೀರಿ. ಎಷ್ಟ್ ಬೇಕಾರೂ ತೆಗೀರಿ.”

“ನಿಮ್ದ್ ಬ್ಯಾಡ ಅಮ್ಮ,” ಎಂದೆ. “ತೊಳ್ದದ್ದ್ ನಾನ್. ನಂದೇ ಆಯ್ಕ್.”

ಸಿಸ್ಟರ್ ನನ್ನ ಕೈಯಿಂದ ತೆಗೆದಳು. ಆ ಹೊತ್ತಿಗೆ ಅವಳೂ ತಮಾಷೆ ಮಾಡಲಿಲ್ಲ. ಮೂತಿ ಒಡೆದ ಕೊಳವೆಯನ್ನು ಒಣಬಟ್ಟೆಯಿಂದ ಹೊರಗೆ ಮಾತ್ರ ಒರೆಸಿ, ಒಳಗೆ ಧೂಳಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಆ ಹೆಂಗಸಿನ ರಕ್ತ ಹಾಕಿದೆ. ಫಳಫಳ ಹೊಳೆಯುವುದರಲ್ಲಿ ನನ್ನದು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದೆ.

ಇಪ್ಪತ್ತು ನಿಮಿಷ ಎಷ್ಟು ಉದ್ದವೆಂದು ಅಡುಗೆ ಮಾಡುವವರಿಗೆ ಗೊತ್ತಿರುತ್ತದೆ ಎಂದು ನಾನು ತಿಳಿದಿದ್ದೆ. ಕುಚಲಕ್ಕಿ ಬೇಯುವುದನ್ನು ಕಾಯುವುದು ಬೇರೆ, ಇದು ಬೇರೆ. ಐದನೇ ನಿಮಿಷಕ್ಕೆ ಮುಟ್ಟಬೇಕೆನಿಸಿತು. ಹತ್ತನೆಯದಕ್ಕೆ ಬಾಗಿಸಬೇಕೆನಿಸಿತು. ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ವಾರ್ಡಿನಿಂದ ಅತ್ತೆ ಸೊಸೆಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ನೆಟ್ಟ ಸಸಿಗೆ ಸಾಯಂಕಾಲ ನೀರು ಯಾರು ಬಿಡುವುದು, ದನಕ್ಕೆ ಹುಲ್ಲು ಯಾರು ಹಾಕುವುದು. ಸೊಸೆ ಒಂದೊಂದಕ್ಕೂ ಹೂಂಗುಟ್ಟುತ್ತಿದ್ದಳು. ಒಮ್ಮೆ ಹೂಂ ಬರುವುದು ತಡವಾಯಿತು. ನಾನು ಎದ್ದು ನಿಂತೆ. ಆಮೇಲೆ ಹೂಂ ಬಂತು. ಕೂತೆ.

ಸಮಯವಾದ ಮೇಲೂ ಒಂದು ನಿಮಿಷ ಹೆಚ್ಚು ಬಿಟ್ಟೆ. ಮೊದಲು ನನ್ನದನ್ನು ತೆಗೆದೆ, ಭಯಕ್ಕೆ. ಬಾಗಿಸಿದೆ, ಹರಿಯಿತು. ಹಾವೂ ಇಲ್ಲ ಏನೂ ಇಲ್ಲ, ಬೆಳಿಗ್ಗೆ ಗಂಜಿ ಕುಡಿದು ಬಂದ ನನ್ನ ರಕ್ತ ನೀರಿನ ಹಾಗೆ ಹರಿಯಿತು. ಕಂಠದಲ್ಲಿ ಅದೇ ಸಾಲು ಗುಳ್ಳೆ.

ಆಮೇಲೆ ಮೂತಿ ಒಡೆದದ್ದು. ಬಾಗಿಸಿದೆ. ಏನೂ ಆಗಲಿಲ್ಲ. ಇನ್ನಷ್ಟು ಬಾಗಿಸಿದೆ. ರಕ್ತ ತಳದಲ್ಲಿ ಗಟ್ಟಿಯಾಗಿ, ಅಚ್ಚಿಗೆ ಹೊಯ್ದ ಬೆಲ್ಲದ ಹಾಗೆ ಕೂತಿತ್ತು. ಪೂರಾ ಕವುಚಿದರೂ ಬೀಳಲಿಲ್ಲ.

ಎರಡು ಕೈಯಲ್ಲಿ ಎರಡು ಕೊಳವೆ ಹಿಡಿದು ವಾರ್ಡಿಗೆ ಹೋಗಿ ಡಾಕ್ಟರ ಕೈಗೆ ಕೊಟ್ಟೆ. ಡಾಕ್ಟರು ಎರಡನ್ನೂ ಬಾಗಿಸಿ ನೋಡಿ, ಉಸಿರು ಬಿಟ್ಟು, ಸಿಸ್ಟರ್‌ಗೆ ಹೇಳಿದರು, “ಔಷಧಿ ಸದ್ಯ ಅಲ್ಲೇ ಇರ್ಲಿ, ತೆರೆಯುದ್ ಬ್ಯಾಡ. ನಾಳೆ ಬೆಳಿಗ್ಗೆವರೆಗೆ ಇಲ್ಲೇ ಇರ್ಲಿ ಇವ್ರ್. ಆಗಾಗ ಮತ್ತೆ ನೋಡ್ವ.” ಆಮೇಲೆ ಅತ್ತೆಯ ಕಡೆ ತಿರುಗಿ, “ಈಗ್ಳಿಗೆ ವಿಷ ಏರಿದ್ ಕಾಣುದಿಲ್ಲ ಅಮ್ಮ. ಸೊಸೆ ರಕ್ತ ಸರಿಯಾಗೇ ಹೆಪ್ಪಾಯ್ತ್.”

“ಮತ್ತ್ ಹರ್ದದ್ ಯಾರ್ದ್?”

“ನಂದ್,” ಎಂದೆ.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಹಂಗಾರೆ ನಿಮ್ಗ್ ಯಾವ್ ಹಾವ್ ಕಚ್ಚಿದ್ದ್ ಮಾರಾಯ್ತಿ?”

ಮಲಗಿದ್ದ ಸೊಸೆ ಮೊದಲು ನಕ್ಕಳು. ಆಮೇಲೆ ನಾವೆಲ್ಲ.

ಮಧ್ಯಾಹ್ನ ಡಾಕ್ಟರು ಚಹಾದ ಲೋಟ ಹಿಡಿದು ಲ್ಯಾಬಿಗೆ ಬಂದರು. ನನ್ನ ಕೊಳವೆ ಇನ್ನೂ ಸ್ಟ್ಯಾಂಡಿನಲ್ಲೇ ಇತ್ತು, ಇನ್ನೂ ಹರಿಯುತ್ತಿತ್ತು. ಬೈಯಲಿಕ್ಕೆ ಬಂದರೇನೋ ಎಂದುಕೊಂಡು ಎದ್ದೆ. ಅವರು ಸ್ಟೂಲು ಎಳೆದು ಕೂತು, ಗಾಜು ರಕ್ತಕ್ಕೆ ಏನು ಮಾಡುತ್ತದೆ ಎಂದು ಹೇಳತೊಡಗಿದರು. ನಾಳದೊಳಗೆ ಹರಿಯುವಾಗ ರಕ್ತಕ್ಕೆ ಅದು ತನ್ನದೇ ಮನೆ, ಗೋಡೆ ಮುಟ್ಟಿದರೂ ಸುಮ್ಮನಿರುತ್ತದೆ. ಗಾಜಿನ ಮೈ ಮುಟ್ಟಿದ ಕೂಡಲೇ ರಕ್ತದಲ್ಲಿರುವ ಒಂದು ಪ್ರೋಟೀನು ಹೋಗಿ ಗಾಜಿಗೆ ಒರಗುತ್ತದೆ. ಒರಗಿದಾಗ ಅದರ ಆಕಾರ ಬದಲಾಗುತ್ತದೆ. ಸುತ್ತಿಕೊಂಡದ್ದು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡದ್ದು ಪಕ್ಕದ್ದನ್ನು ಎಬ್ಬಿಸುತ್ತದೆ, ಅದು ಇನ್ನೊಂದನ್ನು. ಹಾಗೆ ಸಾಲುಸಾಲಾಗಿ ಎದ್ದು ಕೊನೆಗೆ ಬಲೆ ಕಟ್ಟಿ ಹೆಪ್ಪಾಗುತ್ತದೆ. ಎಲ್ಲ ಶುರುವಾಗುವುದು ಆ ಮೊದಲ ಒರಗುವಿಕೆಯಿಂದ, ಗಾಜು ಮತ್ತು ರಕ್ತ ಮುಟ್ಟುವ ಆ ಒಂದು ಪದರದಲ್ಲಿ. ಪ್ಲಾಸ್ಟಿಕ್ಕಿನ ಮೈಗೆ ಅದು ಹಾಗೆ ಒರಗುವುದಿಲ್ಲ.

“ಅಂಟ್ವಾಳ ಎಂತ ಮಾಡ್ತ್ ಹಾಂಗಾರೆ? ನಾಲ್ಕ್ ನೀರಗೆ ಜಾಲ್ಸಿದ್ದೆ, ಡಾಕ್ಟ್ರೆ.”

“ನಿಮ್ಮ ನಾಲ್ಕು ನೀರು ಕಣ್ಣಿಗೆ ಕಾಂಬ ಕೊಳೆಗೆ. ಇದು ಕಾಂಬುದಿಲ್ಲ. ಅದು ಗಾಜಿಗೆ ಹತ್ತಿ ಕೂಕಂಡಿತ್ತ್, ರಕ್ತ ಬಪ್ಪುದ್ರೊಳಗೆ.”

ನನಗೆ ಒಮ್ಮೆಲೇ ಕೊಲ್ಲೂರಿನ ಬಸ್ಸು ನೆನಪಾಯಿತು. ರಜೆಯ ದಿನ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಹತ್ತಿ ನೋಡಿದರೆ ಸೀಟೆಲ್ಲ ಖಾಲಿ, ಕೂರುವ ಹಾಗೆ ಮಾತ್ರ ಇಲ್ಲ. “ಟವೆಲ್ ಹಾಕಿ ಇಟ್ಟಾಂಗೆ,” ಎಂದೆ.

ಡಾಕ್ಟರು ಚಹಾ ಚೆಲ್ಲುವಷ್ಟು ನಕ್ಕರು. “ಅದೇ ಅಕ್ಕ, ಅದೇ. ಸಾಬೂನಿನ ಪುಡಿ ಹಾಕಿದ್ರೂ ಹೀಗೇ ಆತಿತ್ತ್. ತಪ್ಪು ಅಂಟುವಾಳದ್ದಲ್ಲ.” ಹೊರಡುವಾಗ ಬಾಗಿಲಲ್ಲಿ ನಿಂತು, ಚಹಾದ ಲೋಟ ನೋಡುತ್ತ, “ನೀವ್ ಬಂದು ಹೇಳದಿದ್ರೆ ನಾನ್ ಆ ಔಷಧಿ ಹಾಕ್ತಿದ್ದೆ,” ಎಂದರು. ಅಷ್ಟೇ.

ಅವರು ಹೋದ ಮೇಲೆ ಒಬ್ಬಳೇ ಕೂತು ನನ್ನ ಕೊಳವೆ ನೋಡಿದೆ. ದಿನಾ ಕಾಣುವ ಎಷ್ಟೋ ಸಂಗತಿಗಳು ನೆನಪಿಗೆ ಬಂದವು. ಆರಿದ ಹಾಲಿನ ಮೇಲೆ ಕಟ್ಟುವ ಕೆನೆ. ಬಂಗುಡೆ ಕೊಯ್ದ ಕೈಯನ್ನು ಬರಿ ನೀರಿನಲ್ಲಿ ಎಷ್ಟು ತೊಳೆದರೂ ಹೋಗದ ಲೋಳೆ. ಮೊಟ್ಟೆ ಒಡೆದ ಪಾತ್ರೆಗೆ ಹತ್ತುವ ತೆಳ್ಳಗಿನ ಪೊರೆ. ಗಾಜಿನ ಸ್ಲೈಡಿಗೆ ನಾನೇ ಎಳೆಯುವ ರಕ್ತದ ಪದರ, ಒಣಗಿದ ಮೇಲೆ ನೀರು ಹೊಯ್ದರೂ ಏಳದೆ ಅಲ್ಲೇ ಉಳಿಯುವುದು. ಎಲ್ಲ ಹತ್ತುವುದು ಅಂಚಿಗೆ, ಮೈಗೆ. ನಡುವಿನಲ್ಲಿ ಏನಿದೆ ಎಂದು ನೋಡುವುದೇ ನನ್ನ ಉದ್ಯೋಗವಾಗಿತ್ತು. ಪಾತ್ರೆ ಎಂದರೆ ನನಗೆ ಪಾತ್ರೆ ಮಾತ್ರ. ಅದರ ಮೈಯೂ ಪರೀಕ್ಷೆಯ ಒಂದು ಪಾಲು ಎಂದು ಆ ಹಳೆಯ ಆಯಾಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವರು ಬರಿ ನೀರಿನಲ್ಲಿ ತೊಳೆದರು. ನಾನು ಅದನ್ನು ಸೋಮಾರಿತನವೆಂದೆ.

ತೊಳೆದ ಕೊಳವೆಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ‘ಹಾವಿಗೆ ಬೇಡ’ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಸಿಸ್ಟರ್ ಓದಿ, “ಹಾವ್ ಬಂದ್ ಓದತ್ತಾ?” ಎಂದಳು. ಅವಳ ನಾಲಿಗೆ ಮರಳಿ ಬಂದದ್ದು ನೋಡಿ ಸಮಾಧಾನವಾಯಿತು. ಹೊಸ ಕೊಳವೆಗೆ ಕುಂದಾಪುರದ ಅಂಗಡಿಗೆ ಫೋನು ಮಾಡಿದೆ. ಒಡೆದವನ್ನು ತನ್ನಿ, ಬದಲಿ ಕೊಡುತ್ತೇವೆ ಎಂದರು. ಒಡೆದವು ಕೊಡುವುದಿಲ್ಲ ಎಂದೆ.

ಆ ದಿನ ಸಂಜೆ ಮನೆಗೆ ಹೊರಡುವ ಮೊದಲು ಮೂತಿ ಒಡೆದ ಇನ್ನೊಂದು ಕೊಳವೆಯಲ್ಲಿ ಸೊಸೆಯ ರಕ್ತ ಹಾಕಿ ನೋಡಿದೆ. ಹೆಪ್ಪಾಯಿತು. ಊತ ಪೆನ್ನಿನ ಗೆರೆಗಿಂತ ಒಂದು ಬೆರಳು ಕೆಳಗೆ ಇಳಿದಿತ್ತು. ಆದರೂ ಬಸ್ಸಿನಲ್ಲಿ ಕೂತವಳಿಗೆ ಹೆಮ್ಮಾಡಿ ಬಂದದ್ದೇ ತಿಳಿಯಲಿಲ್ಲ, ಕಂಡಕ್ಟರೇ ಕರೆದು ಇಳಿಸಿದ.

ಮರುದಿನ ಮಾಮೂಲಿಗಿಂತ ಒಂದು ಬಸ್ಸು ಮೊದಲೇ ಬಂದೆ. ಅವಳು ಮಂಚದ ಮೇಲೆ ಎದ್ದು ಕೂತಿದ್ದಳು. ಅತ್ತೆ ಪಕ್ಕದಲ್ಲಿ ಕೂತು ಅವಳ ತಲೆ ಬಾಚುತ್ತಿದ್ದರು. ಮೂರನೆಯ ಕೊಳವೆಗೆ ರಕ್ತ ಹಾಕಿದೆ. ಲ್ಯಾಬಿಗೆ ಒಯ್ಯದೆ, ಸ್ಟ್ಯಾಂಡನ್ನೇ ಅವಳ ಪಕ್ಕದ ಸಣ್ಣ ಮೇಜಿಗೆ ತಂದಿಟ್ಟೆ.

“ಇಲ್ಲೇ ಇರ್ಲಿ. ಮೂರ್ ಜನವೂ ಕಾಂಬ.”

ಮೂವರೂ ಕಾದೆವು. ಅತ್ತೆ ಬಾಚಣಿಗೆಯನ್ನು ಸದ್ದಾಗದಂತೆ ಮಡಿಲಲ್ಲಿ ಇಟ್ಟರು. ಸಮಯವಾದಾಗ ನಾನು ಕೈ ಮುಂದೆ ಮಾಡಿದೆ, ಆಮೇಲೆ ಹಿಂದೆ ತೆಗೆದುಕೊಂಡೆ.

“ನೀವೇ ಬಾಗ್ಸಿ ಕಾಣಿ,” ಎಂದೆ ಅವಳಿಗೆ. “ಮೂತಿ ಹತ್ರ ಜಾಗ್ರತೆ, ಒಡ್ದಿತ್ತ್.”

ಅವಳು ಎರಡು ಬೆರಳಲ್ಲಿ ಹಿಡಿದು ಬಾಗಿಸಿದಳು. ಮತ್ತೆ ಬಾಗಿಸಿದಳು. ಆಮೇಲೆ ಪೂರಾ ಕವುಚಿ, ತನ್ನದೇ ರಕ್ತವನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ನೋಡಿದಳು. ಒಂದು ಹನಿಯೂ ಇಳಿಯಲಿಲ್ಲ.

“ಅತ್ತೆ, ಅದ್ ಒಳ್ಳೆ ಹಾವೇ ಆಗಿರ್ಕ್,” ಎಂದಳು.

“ನಾ ಮೊದ್ಲೇ ಹೇಳಿದ್ದೆ,” ಎಂದರು ಅತ್ತೆ, ಬಾಚಣಿಗೆ ಎತ್ತಿಕೊಂಡು. ಧ್ವನಿ ಮಾತ್ರ ನೆಟ್ಟಗಿರಲಿಲ್ಲ.

ಮಧ್ಯಾಹ್ನ ಅದೇ ಆಟೋದಲ್ಲಿ ಹೋದರು. ಆಸ್ಪತ್ರೆಯ ಮುಂದಿನ ಬಾಗಿಲ ಹಿಂದೆ ನಾನೇ ಇಟ್ಟಿದ್ದ ಅತ್ತೆಯ ಕತ್ತಿ ನೆನಪಾಗಿ, ಗೇಟಿನವರೆಗೆ ಹೋಗಿ ಕೊಟ್ಟೆ. ಒಳಗೆ ಬಂದು ಮೂತಿ ಒಡೆದ ಆ ಮೂರು ಕೊಳವೆಗಳನ್ನು, ಆಸ್ಪತ್ರೆಯ ಕ್ರಮದಂತೆ ರೋಗಾಣು ಕೊಲ್ಲುವ ದ್ರಾವಣದಲ್ಲಿ ಅದ್ದಿ, ಚೂಪು ವಸ್ತು ಎಸೆಯುವ ಡಬ್ಬಿಗೆ ಹಾಕಿದೆ. ಉಳಿದ ಎರಡನ್ನು ಕಾಗದದಲ್ಲಿ ಸುತ್ತಿ, ತೊಳೆಯದೆ, ಕಪಾಟಿನ ಒಳಗೆ ಮುಂದೆಯೇ ಕಾಣುವಂತೆ ಇಟ್ಟೆ.